ಎರಡು ಬೆರಳು ಅಂಚು

ಮಗಳು ತಟ್ಟೆಯ ಮುಂದೆ ಕೂತವಳೇ ಸುದ್ದಿ ಬಿಚ್ಚಿದಳು. "ಪೆಟ್ಟಿಗೆ ಮಾಸ್ತರು ಒಂದು ಚಿತ್ರಕ್ಕೂ ಹೆಸರು ಹಾಕಿಲ್ಲ ಅಪ್ಪ. ಮೂವತ್ತೆಂಟು ನೋಡಿದೆ. ಒಂದರಲ್ಲೂ ಇಲ್ಲ."

ಕಟ್ಟಿನವರು ಬಾಯಿಗೆ ಎತ್ತಿದ್ದ ತುತ್ತನ್ನು ಮತ್ತೆ ತಟ್ಟೆಗೆ ಇಳಿಸಿದರು.

ಬೀದಿಯಲ್ಲಿ ಎಲ್ಲರೂ ಅವರನ್ನು ಕಟ್ಟಿನವರು ಎಂದೇ ಕರೆಯುತ್ತಿದ್ದರು. ಫೋಟೋ ಇರಲಿ, ಚಿತ್ರ ಇರಲಿ, ಮಕ್ಕಳ ಸರ್ಟಿಫಿಕೇಟು ಇರಲಿ, ಮರದ ಕಟ್ಟು ಹಾಕಿ ಗಾಜು ಕೂರಿಸಿ ಕೊಡುವ ಅಂಗಡಿ ಅವರದು. ಅವರ ಅಪ್ಪನಿಂದ ಬಂದದ್ದು. ಮಗಳು ವಿಶ್ವವಿದ್ಯಾಲಯದಲ್ಲಿ ಕಲೆಯ ಇತಿಹಾಸ ಓದುತ್ತಿದ್ದಳು. ಕೊನೆಯ ವರ್ಷ ಯಾರಾದರೂ ಒಬ್ಬ ಕಲಾವಿದನ ಮೇಲೆ ಪ್ರಬಂಧ ಬರೆಯಬೇಕು ಎಂದಾಗ ಅವಳು ಹಿಡಿದದ್ದು ಪೆಟ್ಟಿಗೆ ಮಾಸ್ತರನ್ನು. ಎರಡು ತಲೆಮಾರಿನ ಹಿಂದೆ ಬಣ್ಣದ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ತಿರುಗಿ, ಕಂಡವರ ಮುಖ ಬರೆದುಕೊಟ್ಟು, ಹಿಂದೆ ಮುಂದೆ ಯಾರೂ ಇಲ್ಲದೆ ಸತ್ತುಹೋದ ಮನುಷ್ಯ. ಅವರ ಚಿತ್ರಗಳು ಯಾರ್ಯಾರ ಮನೆಯಲ್ಲಿವೆ ಎಂಬ ಪಟ್ಟಿಯನ್ನು ಕಟ್ಟಿನವರೇ ಅಂಗಡಿಯ ಹಳೇ ಆರ್ಡರ್ ಪುಸ್ತಕಗಳನ್ನು ತಿರುವಿ ಕೈಯಾರೆ ಬರೆದುಕೊಟ್ಟಿದ್ದರು. ಮಗಳ ಓದಿಗೆ ತಮ್ಮಿಂದ ಇಷ್ಟಾದರೂ ಆಯಿತಲ್ಲ ಎಂದು ಆ ದಿನ ಅವರಿಗೆ ಬಹಳ ಹೆಮ್ಮೆಯಾಗಿತ್ತು.

"ಹೆಸರು ಹಾಕದಿದ್ರೆ ಏನೀಗ?" ಎಂದಳು ಹೆಂಡತಿ, ಪಲ್ಯದ ಪಾತ್ರೆಯನ್ನು ಅತ್ತ ಸರಿಸುತ್ತ.

"ಬಣ್ಣ ಮುಗಿದಿತ್ತೇನೋ," ಎಂದರು ಅಜ್ಜಿ, ಕಟ್ಟಿನವರ ತಾಯಿ.

"ಅಲ್ಲ ಅಜ್ಜಿ, ಬೇಕಂತಲೇ ಹಾಕಿಲ್ಲ. ಎಲ್ಲರೂ ತಮ್ಮ ಹೆಸರು ಉಳೀಲಿ ಅಂತ ಒದ್ದಾಡೋ ಕಾಲದಲ್ಲಿ ಒಬ್ಬ ಮನುಷ್ಯ ತನ್ನನ್ನ ತಾನೇ ಅಳಿಸಿಕೊಂಡಿದಾನೆ. ನನ್ನ ಪ್ರಬಂಧ ಪೂರ್ತಿ ಇದರ ಮೇಲೇ ನಿಲ್ಲುತ್ತೆ. ಹೆಸರೇ ಬೇಡವೆಂದ ಚಿತ್ರಕಾರ ಅಂತ. ಪ್ರೊಫೆಸರು ಕುಣಿದಾಡಿಬಿಟ್ರು."

"ಅವರು ಕುಣಿದ್ರೆ ನಿನಗೆ ಸಂಬಳ ಬರುತ್ತೇನೇ?"

"ಬರುತ್ತೆ ಅಮ್ಮ. ಮ್ಯೂಸಿಯಂನಲ್ಲಿ ಒಂದು ಸಹಾಯಕಿ ಕೆಲಸ ಇದೆ. ಇನ್ನು ಆರು ವಾರಕ್ಕೆ ಎಲ್ಲರ ಮುಂದೆ ಪ್ರಬಂಧ ಓದಬೇಕು. ಮ್ಯೂಸಿಯಂ ಮೇಡಂ ಕೇಳೋಕೆ ಬರ್ತಾರೆ. ಒಬ್ಬರನ್ನ ಆರಿಸ್ತಾರೆ."

ಹೆಂಡತಿ ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ಅಳತೆ ಇಲ್ಲದ ಮಾತು ಅವಳಿಗೆ ಸೇರದು. "ಆರು ವಾರ. ಸರಿ. ನಿನ್ನ ಮಾವ ನೀರಿನ ಕಚೇರೀಲಿ ನಿನಗೋಸ್ಕರ ಒಂದು ಕುರ್ಚಿ ಹಿಡಿದು ಕೂತಿದಾನೆ. ಅವನೂ ಎಷ್ಟು ದಿನ ಅಂತ ಹಿಡ್ಕೊಂಡಿರ್ತಾನೆ? ಮ್ಯೂಸಿಯಂನೋರು ಬೇಡ ಅಂದ ಮಾರನೇ ದಿನ ನೀನು ಅಲ್ಲಿ ಕೂರಬೇಕು. ಮತ್ತೆ ಚೌಕಾಸಿ ಇಲ್ಲ."

"ಆಯ್ತು," ಎಂದಳು ಮಗಳು. "ಅಪ್ಪ, ಯಾಕೆ ಊಟ ಮಾಡ್ತಿಲ್ಲ?"

"ಮಾಡ್ತಿದೀನಲ್ಲ," ಎಂದರು ಕಟ್ಟಿನವರು. ಆದರೆ ಅನ್ನವನ್ನು ಬರಿದೇ ಕಲಸುತ್ತ ಕೂತರು. ಯಾಕೆಂದರೆ ಮಾಸ್ತರು ಹೆಸರು ಹಾಕಿದ್ದರು.

ಪ್ರತಿ ಚಿತ್ರದ ಕೆಳಗೂ ಎರಡು ಬೆರಳಗಲ ಅಂಚು ಬಿಟ್ಟು, ಅದರಲ್ಲಿ ಶಾಯಿಯಿಂದ ಸಣ್ಣಕ್ಷರದ ಒಂದು ಸಾಲು, ಕೊನೆಗೆ ಸಹಿ ಬರೆಯುತ್ತಿದ್ದರು; ಕಟ್ಟಿನವರ ಕಣ್ಣಿಗೆ ಬಿದ್ದದ್ದು ಅಷ್ಟೇ. ಆ ಅಂಚನ್ನು ಕತ್ತರಿಸಿದವರು ಕಟ್ಟಿನವರು. ಮೊದಲು ಕತ್ತರಿಸಿದ್ದು ತಮ್ಮ ಅಪ್ಪನ ಚಿತ್ರವನ್ನೇ. ಅಪ್ಪ ತೀರಿಕೊಂಡ ಬೆಳಗ್ಗೆ ಅದು ಪೆಟ್ಟಿಗೆಯ ತಳದಲ್ಲಿ ಸುರುಳಿ ಸುತ್ತಿ ಬಿದ್ದಿತ್ತು. ಮಧ್ಯಾಹ್ನದೊಳಗೆ ಜನ ಬರುವವರಿದ್ದರು. ಅಂಗಡಿಯಲ್ಲಿದ್ದದ್ದು ಒಂದೇ ಒಂದು ರೆಡಿಮೇಡ್ ಕಟ್ಟು, ಕಾಗದ ಅದಕ್ಕಿಂತ ಎರಡು ಬೆರಳು ಉದ್ದ. ಸ್ಕೇಲಿಟ್ಟು ಬ್ಲೇಡು ಎಳೆದರು. ಹಾಗೆ ಶುರುವಾದದ್ದು ಅಭ್ಯಾಸವಾಯಿತು. ಅಪ್ಪ ಒಂದೊಂದು ಚಿತ್ರಕ್ಕೂ ಅಳತೆ ಹಿಡಿದು ಹೊಸದಾಗಿ ಕಟ್ಟು ಮಾಡುತ್ತಿದ್ದ ಮನುಷ್ಯ. ಮಗನಿಗೆ ಅಷ್ಟು ಪುರುಸೊತ್ತು ಎಲ್ಲಿ? ಮಾಸ್ತರ ಕಾಗದಗಳೆಲ್ಲ ಒಂದೇ ಅಳತೆಯವು. ಎರಡು ಬೆರಳು ತೆಗೆದರೆ ರೆಡಿಮೇಡ್ ಕಟ್ಟಿಗೆ ಸರಿಯಾಗಿ ಕೂರುತ್ತಿದ್ದವು. ಗಿರಾಕಿಗೂ ಅಗ್ಗ, ತಮಗೂ ಅರ್ಧ ಗಂಟೆಯ ಕೆಲಸ. ಹುಳು ತಿಂದ ಹಳೇ ಕಟ್ಟು ಹೊತ್ತು ಯಾರು ಬಂದರೂ ಚಿತ್ರವನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಸ್ಕೇಲಿಟ್ಟು ಎಳೆದುಬಿಡುತ್ತಿದ್ದರು. ಬೋರಲು ಬಿದ್ದ ಕಾಗದದ ಪಟ್ಟಿಯಲ್ಲಿ ಏನು ಬರೆದಿದೆ ಎಂದು ಒಂದು ದಿನವೂ ತಿರುಗಿಸಿ ಓದಿದವರಲ್ಲ. ಎಸೆದವರೂ ಅಲ್ಲ. ಗಟ್ಟಿ ಕಾಗದ. ಮಡಚಿ ಮುಂದಿನ ಗಿರಾಕಿಯ ಕಟ್ಟಿನೊಳಗೆ, ಚಿತ್ರಕ್ಕೂ ಹಿಂದಿನ ರಟ್ಟಿಗೂ ನಡುವೆ ಅಲ್ಲಾಡದಂತೆ ಒತ್ತು ಕೊಡುತ್ತಿದ್ದರು. ಇಪ್ಪತ್ತೈದು ವರ್ಷ ನಡೆದ ಕೆಲಸ ಇದು.

ಈಗ ಮಗಳು ಆ ಕತ್ತರಿಸಿದ ಜಾಗದ ಮೇಲೆ ಮನೆ ಕಟ್ಟುತ್ತಿದ್ದಳು.

ಆ ಕ್ಷಣವೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ಕೈ ತೊಳೆದರು.

ಮೂರನೆಯ ದಿನ ಹೆಂಡತಿ ಹೊಲಿದ ಬಟ್ಟೆ ಕೊಡಲು ಶಾಲೆಗೆ ಹೋಗಿದ್ದಳು. ಅಜ್ಜಿ ಒಳಗೆ ಮಲಗಿದ್ದರು. ಕಟ್ಟಿನವರು ನಡುಮನೆಯ ಗೋಡೆಯಿಂದ ಅಪ್ಪನ ಚಿತ್ರ ಇಳಿಸಿ ಊಟದ ಮೇಜಿನ ಮೇಲೆ ಬೋರಲು ಇಟ್ಟರು. ಮಗಳು ಚಿಕ್ಕವಳಿದ್ದಾಗ ಚೆಂಡೆಸೆದು ಇದರ ಗಾಜು ಒಡೆದಿದ್ದಳು. ಆಗ ಹೊಸ ಗಾಜಿನ ಜೊತೆಗೆ ಹೊಸ ಒತ್ತನ್ನೂ ಕೊಟ್ಟ ನೆನಪಿತ್ತು. ಮೊಳೆ ಕಿತ್ತು ರಟ್ಟು ಎತ್ತಿದರೆ, ಪಟ್ಟಿ ಇಟ್ಟ ಹಾಗೇ ಇತ್ತು. ಮೊದಲ ಸಲ ಅವರು ಅದನ್ನು ತಿರುಗಿಸಿ ಓದಿದರು.

"ಅಂಚೆಯವನ ಹೆಂಡತಿ. ಒಂದು ಹಳೆಯ ಉಣ್ಣೆ ಕೋಟಿಗೆ." ಪಕ್ಕದಲ್ಲಿ ತಾರೀಖು. ಅದರ ಪಕ್ಕ ಒಂದು ಹೆಸರು, ಪೂರ್ತಿಯಾಗಿ, ಯಾವ ಸಂಕೋಚವೂ ಇಲ್ಲದೆ ಬರೆದದ್ದು.

ಇಷ್ಟು ವರ್ಷ ಊರೆಲ್ಲ ಪೆಟ್ಟಿಗೆ ಮಾಸ್ತರು ಎಂದು ಕರೆದ ಮನುಷ್ಯನಿಗೆ ಹೆಸರಿತ್ತು. ಏನು ಕೊಟ್ಟರೆ ಏನು ಬರೆದುಕೊಟ್ಟೆ ಎಂಬುದನ್ನೂ ಆತ ಬರೆದಿಟ್ಟಿದ್ದ. ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ ಎಂದು ಈ ಮನೆಯಲ್ಲಿ ದಿನಾ ಜಗಳ; ಅದರ ಉತ್ತರ ಇಲ್ಲೇ, ಅಪ್ಪನ ಬೆನ್ನ ಹಿಂದೆ, ಮಡಚಿಕೊಂಡು ಕೂತಿತ್ತು.

ಬಾಗಿಲ ಸದ್ದಾಯಿತು. ಪಟ್ಟಿಯನ್ನು ಅಂಗಿಯ ಜೇಬಿಗೆ ತುರುಕಿ, ರಟ್ಟು ಮುಚ್ಚಿ, ಚಿತ್ರವನ್ನು ಗೋಡೆಗೆ ಸಿಕ್ಕಿಸಿದರು. ಅಂಗಡಿಗೆ ಹೋಗಿ ಪಟ್ಟಿಯನ್ನು ಮೊಳೆ ಡಬ್ಬಿಯ ತಳಕ್ಕೆ ಹಾಕಿದರು. ಅಲ್ಲಿಯವರೆಗೆ ಅವರದು ತಪ್ಪು ಮಾತ್ರ. ಅವತ್ತಿನಿಂದ ಕಳ್ಳತನವೂ ಸೇರಿತು.

ಭಾನುವಾರ ನೀರಿನ ಕಚೇರಿಯ ಮಾವ ಊಟಕ್ಕೆ ಬಂದ. ಹೆಂಡತಿಯ ಅಣ್ಣ, ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ನಲ್ಲಿ ಇಲ್ಲ.

"ಒಂದು ವಿಷಯ ಹೇಳಮ್ಮ," ಎಂದ ತಂಗಿಯ ಮಗಳಿಗೆ, ಮೊಟ್ಟೆ ಸುಲಿಯುತ್ತ. "ಸತ್ತೋನು ಬರೆದ ಚಿತ್ರ. ಅದರಲ್ಲಿರೋರೂ ಸತ್ತಿದಾರೆ. ಅದನ್ನ ನೋಡಿ ನೀನು ಬರೀತೀಯ. ಅದನ್ನ ಓದೋರು ಬದುಕಿದಾರಾ?"

"ಒಬ್ಬರಾದ್ರೂ ಇದಾರೆ ಮಾವ. ಪ್ರೊಫೆಸರು."

"ನಿನ್ನ ಕ್ಲಾಸಲ್ಲಿ ಓದಿದೋರೆಲ್ಲ ಏನು ಮಾಡ್ತಿದಾರೆ?"

ಮಗಳು ಸುಳ್ಳು ಹೇಳುವವಳಲ್ಲ. "ಇಬ್ಬರು ಶಾಲೇಲಿ ಡ್ರಾಯಿಂಗ್ ಟೀಚರು. ಒಬ್ಬಳು ಬ್ಯಾಂಕು. ಒಬ್ಬ ಹರಾಜಿನ ಕಂಪನೀಲಿ ಹಳೇ ಸಾಮಾನಿಗೆ ಚೀಟಿ ಅಂಟಿಸ್ತಾನೆ. ಉಳಿದೋರು ಹುಡುಕ್ತಿದಾರೆ."

"ನೋಡು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂದಹಾಗಾಯ್ತು. ನಮ್ಮ ಕಚೇರೀಲಿ ಮೀಟರ್ ಓದೋಕೆ ಕಲಿತರೆ ಸಾಕು, ರಿಟೈರ್ ಆಗೋವರೆಗೂ ಯಾರೂ ಅಲ್ಲಾಡಿಸಲ್ಲ."

"ಅವಳು ಓದೋದು ಅವಳಿಷ್ಟ," ಎಂದರು ಕಟ್ಟಿನವರು. ದನಿ ಅವರಿಗೇ ಜೋರೆನ್ನಿಸಿತು. "ಮ್ಯೂಸಿಯಂನಲ್ಲಿ ಅವಳಿಗೇ ಸಿಗುತ್ತೆ. ಅವಳಷ್ಟು ಚೆನ್ನಾಗಿ ಯಾರೂ ಮಾಡಿಲ್ಲ. ಇನ್ಮೇಲೆ ಈ ಮನೇಲಿ ಈ ಮಾತು ಬೇಡ."

ಎಲ್ಲರೂ ಅವರ ಮುಖ ನೋಡಿದರು. ಮಾವ ಮೊಟ್ಟೆಗೆ ಉಪ್ಪು ಹಾಕಿಕೊಂಡ. "ಸರಿ ಭಾವ. ನಾನು ತಮಾಷೆಗೆ ಅಂದೆ."

ಅವನು ಹೋದ ಮೇಲೆ ಹೆಂಡತಿ ಪಾತ್ರೆ ಉಜ್ಜುತ್ತ ಕೇಳಿದಳು. "ಮೂರು ವರ್ಷ ಬಾಯಿ ಬಿಡದೋರು ಇವತ್ತು ನನ್ನಣ್ಣನ ಮೇಲೆ ಹಾರಿದ್ರಲ್ಲ. ಏನಾಗಿದೆ ನಿಮಗೆ?"

"ಏನಿಲ್ಲ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರ ಹಾಗೆ ಆಡ್ತೀರಪ್ಪ." ಅವಳು ಅಷ್ಟೇ ಹೇಳಿ ಪಾತ್ರೆ ಬೋರಲು ಹಾಕಿದಳು. ಆದರೆ ಮಗಳು ಮಾತ್ರ ಅವತ್ತು ಸಂಜೆ ಅಪ್ಪನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿ ತಂದುಕೊಟ್ಟಳು. ಅದನ್ನು ಕುಡಿಯುವುದು ಅವರಿಗೆ ಬೈಗುಳ ಕೇಳುವುದಕ್ಕಿಂತ ಕಷ್ಟವಾಯಿತು.

ನಾಲ್ಕನೆಯ ವಾರ ಅವಳು ಎಂಟು ದೊಡ್ಡ ಫೋಟೋ ಹೊತ್ತು ಅಂಗಡಿಗೇ ಬಂದಳು. ಮಾಸ್ತರ ಚಿತ್ರಗಳನ್ನು ಕ್ಯಾಮೆರಾದಲ್ಲಿ ತೆಗೆದು ದೊಡ್ಡದು ಮಾಡಿಸಿದವು. ಪ್ರಬಂಧ ಓದುವ ದಿನ ವೇದಿಕೆಯ ಮೇಲೆ ಇಡಲು ರಟ್ಟಿಗೆ ಕೂರಿಸಿ ಕೊಡಬೇಕಂತೆ.

"ಅಂಚು ಮುಟ್ಟಬೇಡಿ ಅಪ್ಪ. ಒಂದು ನೂಲಿನಷ್ಟೂ ಕತ್ತರಿಸಬೇಡಿ. ಕೆಳಗಿನ ಅಂಚು ಪೂರ್ತಿ ಕಾಣಬೇಕು. ಹೆಸರಿಲ್ಲ ಅನ್ನೋದು ಜನಕ್ಕೆ ಕಾಣಬೇಕಲ್ಲ."

"ಒಂದು ಮಾತು," ಎಂದರು ಕಟ್ಟಿನವರು.

"ಏನಪ್ಪ?"

ಮೊಳೆ ಡಬ್ಬಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಮಗಳ ಕಣ್ಣ ಕೆಳಗೆ ನಿದ್ದೆಗೆಟ್ಟು ಕಪ್ಪಾಗಿತ್ತು. ಇನ್ನು ಎರಡೇ ವಾರ. ಈಗ ಹೇಳಿದರೆ ಇವಳು ಎಲ್ಲಿಂದ ಹೊಸದಾಗಿ ಬರೆಯುತ್ತಾಳೆ ಎಂದು ಅವರು ತಮಗೇ ಸಬೂಬು ಹೇಳಿಕೊಂಡರು. ಮೊದಲ ದಿನ ಹೇಳಿದ್ದರೆ ಆರು ವಾರ ಇತ್ತಲ್ಲ ಎಂದು ಒಳಗಿನಿಂದ ಇನ್ನೊಂದು ಮಾತು ಬಂತು. ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಕರಿ ರಟ್ಟು ಹಾಕಲೋ ಬಿಳಿದೋ?" ಎಂದು ಕೇಳಿದರು.

"ಕರೀದು," ಎಂದಳು ಮಗಳು.

ಆ ದಿನ ಬಂದೇ ಬಂತು. ಎಂಟೂ ರಟ್ಟುಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಕಟ್ಟಿನವರೇ ವಿಶ್ವವಿದ್ಯಾಲಯಕ್ಕೆ ಹೊತ್ತು ತಂದು ಕೊನೆಯ ಸಾಲಿನಲ್ಲಿ ಕೂತರು. ಮಗಳು ಅಮ್ಮ ಹೊಲಿದುಕೊಟ್ಟ ನೀಲಿ ಬಟ್ಟೆ ಹಾಕಿದ್ದಳು. ತಡವರಿಸದೆ ಮಾತಾಡಿದಳು. ಹೆಸರು ಬೇಡ ಎನ್ನುವುದಕ್ಕೆ ಎಂಥ ಎದೆ ಬೇಕು ಎಂದಾಗ ಮುಂದೆ ಕೂತಿದ್ದ ಯಾರೋ ಕಣ್ಣೊರೆಸಿಕೊಂಡರು.

ಮ್ಯೂಸಿಯಂ ಮೇಡಂ ಕನ್ನಡಕ ಸರಿಮಾಡಿಕೊಂಡು ಕೇಳಿದರು. "ಅಂಚನ್ನು ಆಮೇಲೆ ಯಾರಾದರೂ ಕತ್ತರಿಸಿರಬಹುದಲ್ಲ? ಪರೀಕ್ಷೆ ಮಾಡಿದೀರಾ?"

"ಮಾಡಿದೀನಿ ಮೇಡಂ. ಕಟ್ಟು ಕಳಚಿ ಬಿಡಿಯಾಗಿ ಸಿಕ್ಕ ನಾಲ್ಕು ಚಿತ್ರಗಳನ್ನ ಭೂತಗನ್ನಡಿ ಹಿಡಿದು ನೋಡಿದೆ. ಆಮೇಲೆ ಕತ್ತರಿಸಿದ್ರೆ ಎಲ್ಲಾದ್ರೂ ಒಂದು ಕಡೆ ಬ್ಲೇಡು ಜಾರಿರುತ್ತೆ, ಎಳೆ ಎದ್ದಿರುತ್ತೆ. ಇಲ್ಲಿ ಅಂಚು ಗೆರೆ ಎಳೆದ ಹಾಗಿದೆ. ನಾಲ್ಕರಲ್ಲೂ ಒಂದೇ ಅಳತೆ. ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಬೇಕಾದ್ರೆ ಅದು ಮಾಸ್ತರ ಕೈಯೇ."

ಇಡೀ ಜೀವಮಾನದಲ್ಲಿ ಕಟ್ಟಿನವರ ಕೈಗೆ ಸಿಕ್ಕ ದೊಡ್ಡ ಹೊಗಳಿಕೆ ಅದು. ಅವರು ತಮ್ಮ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಒತ್ತಿಕೊಂಡು ಕೂತರು. ಈಗ ಎದ್ದು ನಿಂತು ಹೇಳಬೇಕು ಎಂದುಕೊಂಡರು. ಚಪ್ಪಾಳೆ ಶುರುವಾಯಿತು. ಅವರೂ ತಟ್ಟಿದರು.

ವಾರದ ನಂತರ ಕಾಗದ ಬಂತು. ಕೆಲಸ ಅವಳಿಗೇ. ಪ್ರಬಂಧವನ್ನು ಮ್ಯೂಸಿಯಂ ಪುಸ್ತಕದಲ್ಲಿ ಅಚ್ಚು ಹಾಕುತ್ತಾರೆ. ಮಾಸ್ತರ ಚಿತ್ರಗಳದೇ ಒಂದು ಪ್ರದರ್ಶನವನ್ನೂ ಮಾಡುತ್ತಾರೆ.

ಹೆಂಡತಿ ಹೊಲಿಗೆ ಮಿಶನ್ ನಿಲ್ಲಿಸಿ ಎದ್ದು ಬಂದು ಕಾಗದವನ್ನು ತಾನೂ ಒಂದು ಸಲ ಓದಿದಳು. ಸಂಬಳದ ಸಾಲನ್ನು ಎರಡು ಸಲ ಓದಿದಳು. "ಕಡಿಮೆನೇ. ಆದ್ರೂ ಪರವಾಗಿಲ್ಲ," ಎಂದು ಮಗಳ ತಲೆ ಸವರಿದಳು. "ಮಾವನಿಗೆ ನಾನೇ ಹೇಳ್ತೀನಿ. ಅವನ ಕುರ್ಚೀಲಿ ಇನ್ಯಾರಾದ್ರೂ ಕೂತ್ಕೊಳ್ಳಲಿ."

"ಮೊದಲ ಕೆಲಸ ಏನು ಗೊತ್ತಾ ಅಪ್ಪ? ಮೂವತ್ತೆಂಟು ಚಿತ್ರಾನೂ ತರಿಸಿ, ಕಟ್ಟು ಬಿಚ್ಚಿ, ಧೂಳು ತೆಗೆಯೋದು. ನಾನು, ಮೇಡಂ, ಇನ್ನಿಬ್ಬರು ಸೇರಿ. ಮೊದಲು ನಮ್ಮ ತಾತನದ್ದನ್ನೇ ಕೊಡೋಣ."

ಅಜ್ಜಿ ಗೋಡೆಯ ಕಡೆ ನೋಡಿದರು. "ಕೊಡೋದು ಕೊಡು, ಮೊದಲು ಸರಿಮಾಡಿ ಕೊಡು. ಒಂದು ತಿಂಗಳಿಂದ ನೋಡ್ತಿದೀನಿ, ನಿಮ್ಮ ತಾತ ವಾರೆಯಾಗಿ ಕೂತಿದಾರೆ. ಬದುಕಿದ್ದಾಗ ಒಂದು ದಿನ ಹಾಗೆ ಕೂತೋರಲ್ಲ."

ಹೌದು. ಒತ್ತಿನ ಪಟ್ಟಿ ತೆಗೆದಮೇಲೆ ಚಿತ್ರ ಒಳಗೇ ಜಾರಿ ಒಂದು ಕಡೆ ವಾಲಿತ್ತು. ಮಗಳು ಸ್ಟೂಲು ಎಳೆದುಕೊಂಡು ಹತ್ತಿದಳು. "ತೆಗೆದು ನೋಡ್ತೀನಿ ತಾಳು."

"ಇಳಿ," ಎಂದರು ಕಟ್ಟಿನವರು. "ನಾನು ಹೇಳ್ತೀನಿ."

ಅಂಗಡಿಗೆ ಹೋಗಿ ಮೊಳೆ ಡಬ್ಬಿ ತಂದು ಊಟದ ಮೇಜಿನ ಮೇಲೆ ಸುರಿದರು. ಮೊಳೆಗಳ ನಡುವಿನಿಂದ ಪಟ್ಟಿ ಎತ್ತಿ ಮಗಳ ಕೈಗಿಟ್ಟರು. ಆಮೇಲೆ ಎಲ್ಲವನ್ನೂ ಹೇಳಿದರು: ಅಪ್ಪ ಸತ್ತ ಬೆಳಗ್ಗೆ, ರೆಡಿಮೇಡ್ ಕಟ್ಟು, ಎರಡು ಬೆರಳು, ಒತ್ತು. ಹೇಳುವಾಗ ಅವರು ಮೊಳೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದರು.

ಮಗಳು ಪಟ್ಟಿಯನ್ನು ಓದಿದಳು. ಇನ್ನೊಂದು ಸಲ ಓದಿದಳು.

"ಎಷ್ಟು ಚಿತ್ರ?"

"ನಾನು ಬರೆದುಕೊಟ್ಟ ಲಿಸ್ಟಲ್ಲಿರೋದೆಲ್ಲ."

"ಮೂವತ್ತೆಂಟೂ?"

"ಹೂಂ."

"ಇದರ ಮೇಲೆ ನಾನು ಬರೀತಿದೀನಿ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಊಟಕ್ಕೆ ಕೂತು ಹೇಳಿದ್ಯಲ್ಲ, ಅವತ್ತೇ."

ಮಗಳು ಬೆರಳು ಮಡಚಿದಳು. "ಏಳು ವಾರ," ಎಂದಳು.

ಮೊದಲು ಬಾಯಿ ತೆರೆದವಳು ಹೆಂಡತಿ. "ಬೆಳೆಯೋ ಮಕ್ಕಳ ಬಟ್ಟೆ ಅಂತ ನಾನು ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡ್ತೀನಿ, ನಾಳೆಗೆ ಬೇಕಾಗುತ್ತೆ ಅಂತ. ನೀವು ಹುಡುಕಿ ಹುಡುಕಿ ಆ ಎರಡು ಬೆರಳನ್ನೇ ಕತ್ತರಿಸಿದ್ರಲ್ಲ."

"ಬೇಗ ಹಾಕು, ಜನ ಬರ್ತಾರೆ ಅಂತ ಅವತ್ತು ಅವಸರ ಮಾಡಿದ್ದು ನಾನೇ," ಎಂದರು ಅಜ್ಜಿ ಮೆಲ್ಲಗೆ. ಅವರಿಗೆ ಓದಲು ಬಾರದು. ಪಟ್ಟಿಯನ್ನು ಮೂಸಿ ನೋಡಿ ಕೆಳಗಿಟ್ಟರು.

ಹೆಂಡತಿ ಸೆರಗಿನಿಂದ ಕೈ ಒರೆಸಿಕೊಂಡಳು. ಯೋಚನೆ ಮಾಡುವಾಗ ಅವಳು ಹಾಗೆ ಮಾಡುವುದು ರೂಢಿ. "ಈಗ ಇದು ಗೊತ್ತಿರೋದು ನಾವು ನಾಲ್ಕು ಜನಕ್ಕೆ. ಒಲೆಗೆ ಹಾಕಿ ಕೆಲಸಕ್ಕೆ ಸೇರು."

"ಬಿಚ್ಚಿದಾಗ ಮಿಕ್ಕಿದ್ದು ಸಿಗುತ್ತಲ್ಲ ಅಮ್ಮ."

"ಅದಕ್ಕೆ ಮುಂಚೆ ನಾನೇ ಮನೆ ಮನೆಗೆ ಹೋಗ್ತೀನಿ," ಎಂದರು ಕಟ್ಟಿನವರು. ಆ ಮಾತು ಅವರಿಗೆ ಏಳು ವಾರದಿಂದ ಎಷ್ಟೋ ಸಲ ಹೊಳೆದಿತ್ತು. "ಗಾಜು ಒರೆಸಿಕೊಡ್ತೀನಿ ಅಂತ ಹೇಳಿ ಎಲ್ಲಾ ಪಟ್ಟಿ ತೆಗೆದುಬಿಡ್ತೀನಿ. ಯಾರಿಗೂ ತಿಳಿಯಲ್ಲ."

ಮಗಳು ತಲೆಯೆತ್ತಿ ಅಪ್ಪನನ್ನು ನೋಡಿದಳು. "ಇನ್ನೊಂದು ಸಲ ಕತ್ತರಿಸ್ತೀರಾ?"

ಅವರು ಮೊಳೆ ಡಬ್ಬಿಯ ಮುಚ್ಚಳ ಹಾಕಿದರು.

"ನಾನು ಪ್ರೊಫೆಸರನ್ನ ಕೇಳಿದೆ," ಎಂದಳು ಅವಳು, ಪಟ್ಟಿಯನ್ನು ಮೇಜಿನ ಮೇಲೆ ನೇರ ಮಾಡುತ್ತ. "ಲೈಬ್ರರಿಯವರನ್ನ ಕೇಳಿದೆ. ಮೂವತ್ತೆಂಟು ಮನೇಲೂ ಕೇಳಿದೆ. ಅಜ್ಜೀನ ಕೂರಿಸಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಕೇಳಿದೆ. ಆ ಚಿತ್ರಗಳನ್ನೆಲ್ಲ ಕೈಯಲ್ಲಿ ಹಿಡಿದೋರು ನೀವೊಬ್ಬರೇ. ನಿಮ್ಮನ್ನ ಕೇಳಲಿಲ್ಲ. ಕೇಳಬೇಕು ಅಂತ ಹೊಳೀಲೇ ಇಲ್ಲ ನನಗೆ."

ಅದನ್ನು ಹಿಡಿದುಕೊಂಡು ಕಟ್ಟಿನವರು ತಪ್ಪಿಸಿಕೊಳ್ಳಬಹುದಿತ್ತು. ಮನಸ್ಸು ಬರಲಿಲ್ಲ. "ಕೇಳಿದ್ರೂ ಹೇಳ್ತಿದ್ನೋ ಇಲ್ವೋ ಮಗಳೇ," ಎಂದರು.

ಮಾರನೆಯ ದಿನ ಇಬ್ಬರೂ ಮ್ಯೂಸಿಯಂಗೆ ಹೋದರು. ಮೇಡಂ ಪಟ್ಟಿಯನ್ನು ಬಿಳಿ ಬಟ್ಟೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು. ಕೂಗಾಡಲಿಲ್ಲ. "ಪ್ರಬಂಧ ಇನ್ನು ಅಚ್ಚಾಗೋ ಹಾಗಿಲ್ಲ. ಅದನ್ನ ನೋಡಿಯೇ ನಿಮ್ಮನ್ನ ಆರಿಸಿದ್ದು, ಹಾಗಾಗಿ ಕೆಲಸವನ್ನೂ ನಾನು ಹಿಡಿದಿಡೋಕಾಗಲ್ಲ. ಎರಡನೆಯವರನ್ನ ಕರೀಬೇಕು," ಎಂದರು. ಆಮೇಲೆ ಕಟ್ಟಿನವರ ಕಡೆ ತಿರುಗಿದರು. "ಒಂದು ಹಳೆಯ ಉಣ್ಣೆ ಕೋಟಿಗೆ ಅಂತೆ. ಎಂಥ ಸಾಲು ಇದು. ಏಳು ವಾರದ ಹಿಂದೆ ಇದು ಇವರ ಕೈಗೆ ಸಿಕ್ಕಿದ್ರೆ, ಆ ಸಭೇಲಿ ಇವರಿಗೆ ಸರಿಸಾಟಿ ಯಾರೂ ಇರ್ತಿರಲಿಲ್ಲ. ನಿಮಗೆ ಅರ್ಥ ಆಗ್ತಿದೆಯಾ?"

ಆಗುತ್ತಿತ್ತು. ತಪ್ಪು ಮಾಡಿದ್ದು ಇಪ್ಪತ್ತೈದು ವರ್ಷ, ಮಗಳ ಕೆಲಸ ಹೋದದ್ದು ಏಳು ವಾರದ ಮೌನದಿಂದ. ಮೊದಲನೆಯದು ಗೊತ್ತಿಲ್ಲದೆ ಮಾಡಿದ್ದು. ಎರಡನೆಯದಕ್ಕೆ ಆ ಸಮಾಧಾನವೂ ಇರಲಿಲ್ಲ.

"ಎಲ್ಲಾ ಪಟ್ಟಿ ಹುಡುಕಿ, ಯಾವುದು ಯಾವ ಚಿತ್ರದ್ದು ಅಂತ ಹೊಂದಿಸಿ, ಹೊಸದಾಗಿ ಬರೆದು ತನ್ನಿ," ಎಂದರು ಮೇಡಂ ಮಗಳಿಗೆ. "ಮಾತು ಕೊಡಲ್ಲ. ಓದ್ತೀನಿ."

ಮಾವನ ಕುರ್ಚಿ ಇನ್ನೂ ಖಾಲಿಯಿತ್ತು. ಒಂದನೇ ತಾರೀಖಿನಿಂದ ಮಗಳು ನೀರಿನ ಕಚೇರಿಗೆ ಹೋಗತೊಡಗಿದಳು. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಬಂದು ಊಟ ಮಾಡಿ ಮಲಗುತ್ತಿದ್ದಳು. ಮನೆಯಲ್ಲಿ ಜಗಳವೇ ಇಲ್ಲ. ಹೆಂಡತಿಗೆ ಬೇಕಾಗಿದ್ದದ್ದು ಇದೇ, ಆದರೆ ಬೇಕಾದದ್ದು ಸಿಕ್ಕವಳ ಹಾಗೆ ಅವಳು ಕಾಣಲಿಲ್ಲ. "ಒಂದು ಮಾತಾದ್ರೂ ಎದುರು ಆಡೇ," ಎಂದು ಒಮ್ಮೆ ಮಗಳಿಗೆ ಹೇಳಿಯೂ ಬಿಟ್ಟಳು. ಮಗಳು ಅಪ್ಪನ ಜೊತೆ ಮಾತು ಬಿಟ್ಟಿರಲಿಲ್ಲ. ಬೇಕಾದಷ್ಟು ಆಡುತ್ತಿದ್ದಳು, ಬೇಕಾದ್ದಕ್ಕಿಂತ ಒಂದೂ ಹೆಚ್ಚಿಲ್ಲ. ಚಹಾಕ್ಕೆ ಸಕ್ಕರೆ ಮೊದಲಿನ ಅಳತೆಗೇ ಬಂದಿತ್ತು.

ಭಾನುವಾರಗಳಂದು ಮಾತ್ರ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ಕಟ್ಟಿನವರ ಹೆಗಲಿಗೆ ಸಾಮಾನಿನ ಚೀಲ, ಮಗಳ ಕೈಯಲ್ಲಿ ಗೆರೆ ಹಾಕಿದ ದೊಡ್ಡ ಪುಸ್ತಕ. ಒಂದೊಂದು ಮನೆಯಲ್ಲೂ ಅವರೇ ಬಾಗಿಲಲ್ಲಿ ನಿಂತು, "ನಿಮ್ಮ ಚಿತ್ರ ನಾನು ಹಾಳು ಮಾಡಿದೀನಿ, ಬಿಚ್ಚಿ ನೋಡಬೇಕು," ಎಂದು ಹೇಳಬೇಕಿತ್ತು. ಕೆಲವರು ನಕ್ಕರು. ಒಬ್ಬ ಮುದುಕಿ ಬಾಗಿಲು ಹಾಕಿಕೊಂಡಳು. ಬೋರಲು ಮಲಗಿಸಿ ರಟ್ಟು ಎತ್ತಿದರೆ ಪಟ್ಟಿ ಸಿಗುತ್ತಿತ್ತು, ಇನ್ನಾರದೋ ಮುಖದ ಕೆಳಗಿನದು. "ಗಡಿಯಾರ ರಿಪೇರಿಯವನು. ಮೂರು ಊಟಕ್ಕೆ." "ಶಾಲೆಯ ಜವಾನನ ತಾಯಿ. ಒಂದು ಜೊತೆ ಚಪ್ಪಲಿಗೆ." "ಔಷಧಿ ಅಂಗಡಿಯ ಸಾಹೇಬರು. ಕೆಮ್ಮಿನ ಔಷಧಿಗೆ, ಅದರಿಂದ ವಾಸಿಯಾಗಲಿಲ್ಲ." ಕೊನೆಯದನ್ನು ಓದಿದಾಗ ಮಗಳು ನಕ್ಕಳು. ಬಹಳ ದಿನದ ಮೇಲೆ ಆ ಸದ್ದು ಕೇಳಿ ಕಟ್ಟಿನವರು ಇಕ್ಕಳ ಹುಡುಕುವ ನೆಪದಲ್ಲಿ ಚೀಲದೊಳಗೆ ತಲೆ ಹಾಕಿದರು.

ಐದನೆಯ ಭಾನುವಾರ ಬ್ರೆಡ್ ಬೇಯಿಸುವವನ ಮನೆ. ಅವನ ಅಜ್ಜನ ಚಿತ್ರ, ಒಲೆಯ ಹೊಗೆ ಕುಡಿದು ಕಂದಾಗಿತ್ತು. ಆರ್ಡರ್ ಪುಸ್ತಕದ ಪ್ರಕಾರ ಅಪ್ಪ ಸತ್ತ ಮೇಲೆ ಅಂಗಡಿಗೆ ಬಂದ ಮೊದಲನೆಯ ಕೆಲಸ ಅದು. ಮಗ ಒಬ್ಬನೇ ಕೂತು ಹಾಕಿದ ಮೊದಲ ಕಟ್ಟು. ಮೊಳೆಗಳು ಸ್ವಲ್ಪ ಓರೆಯಾಗಿದ್ದವು. ಕಟ್ಟಿನವರು ಕಿತ್ತು ರಟ್ಟು ಎತ್ತಿದರು. ಪಟ್ಟಿಯನ್ನು ಮಗಳು ಬಿಡಿಸಿದಳು.

ಅವಳು ಎಂದಿನಂತೆ ಜೋರಾಗಿ ಓದಲಿಲ್ಲ.

"ಯಾರದು?" ಎಂದು ಕೇಳಿದರು.

"ತಾತನದು. ನೀವೇ ಓದಿ."

ಅವರು ಕೈಯನ್ನು ಅಂಗಿಗೆ ಒರೆಸಿಕೊಂಡು ಪಟ್ಟಿ ತೆಗೆದುಕೊಂಡರು. ಶಾಯಿ ಸ್ವಲ್ಪವೂ ಮಾಸಿರಲಿಲ್ಲ. "ಕಟ್ಟು ಹಾಕುವವರು. ನನ್ನ ಚಿತ್ರಗಳ ಅಂಚಿಗೆ ಎಂದೂ ಬ್ಲೇಡು ತಾಗಿಸುವುದಿಲ್ಲ ಎಂದು ಕೊಟ್ಟ ಮಾತಿಗೆ."

ಅಪ್ಪ ಒಂದೊಂದಕ್ಕೂ ಅಳತೆ ಹಿಡಿದು ಕೂರುತ್ತಿದ್ದದ್ದು ಯಾಕೆಂದು ಅವರಿಗೆ ಈಗ ತಿಳಿಯಿತು. ಪುರುಸೊತ್ತಿನ ಮನುಷ್ಯ ಎಂದು ನಕ್ಕದ್ದೂ ನೆನಪಾಯಿತು. ಪಕ್ಕದ ಹಿಟ್ಟಿನ ಮೂಟೆಯ ಮೇಲೆ ಕೂತರು. ಬ್ರೆಡ್ಡಿನವನು ನೀರು ತರಲು ಒಳಗೆ ಹೋದ.

ಮಗಳು ಪಕ್ಕಕ್ಕೆ ಬಂದು ಕೂತಳು. ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿ ತಾತನ ಸಾಲು ಹುಡುಕಿದಳು. ಚಿತ್ರದಲ್ಲಿರುವವರು ಯಾರು, ಏನಕ್ಕೆ ಬರೆದದ್ದು, ತಾರೀಖು, ಎಲ್ಲವನ್ನೂ ನಿಧಾನವಾಗಿ ತುಂಬಿದಳು. ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಕತ್ತರಿಸಿದವರು ಯಾರು ಎಂದು ಬರೆಯುವ ಕಾಲಮ್ಮು ಅದು. ಇಷ್ಟು ವಾರವೂ ಅದರಲ್ಲಿ ಅವಳು ಏನೂ ಬರೆದಿರಲಿಲ್ಲ, ಪುಟದುದ್ದಕ್ಕೂ ಖಾಲಿ.

"ಇಲ್ಲಿ ಏನಂತ ಬರೀಲಿ ಅಪ್ಪ?" ಎಂದು ಕೇಳಿದಳು.

ಕೇಳಿದಳಲ್ಲ ಎಂದುಕೊಂಡರು ಕಟ್ಟಿನವರು. ಪಟ್ಟಿಯನ್ನು ಮಡಚದೆ, ಹಾಗೇ ಚಾಚಿದ ಅಂಗೈ ಮೇಲೆ ಹಿಡಿದುಕೊಂಡಿದ್ದರು.

"ಮಗ ಅಂತ ಬರಿ," ಎಂದರು.

ಅವಳು ಬರೆದಳು.